ಗಾಳ ಹಿಡಿದವರು, ಹರಿಗೋಲು ನಡೆಸಿದವರು

ದಸರೆಯ ಹೊತ್ತಿಗೆ ದೇವರಗುಡ್ಡದಲ್ಲಿ ಸೇರುವ ಜನ ಕಾಯುವುದು ಗೊರವಯ್ಯನ ಕಾರ್ಣಿಕಕ್ಕೆ. ಬಿಲ್ಲನ್ನೇರಿ ಆತ ನುಡಿಯುವ ಒಂದೇ ಮಾತಿನಲ್ಲಿ ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ರೈತರು ಮುಂದಿನ ಮಳೆ ಬೆಳೆಯ ಲೆಕ್ಕ ಹುಡುಕುತ್ತಾರೆ. ಮಾಲತೇಶ ದೇವರ ಈ ಗುಡ್ಡದ ಸುತ್ತ ಮೆಣಸಿನಕಾಯಿ, ಹತ್ತಿ, ಗೋವಿನಜೋಳದ ಹೊಲಗಳಿವೆ; ಮಳೆಯನ್ನೇ ನಂಬಿದ ನೆಲ. ಆದರೆ ಅಲ್ಲಿಂದ ಪೂರ್ವಕ್ಕೆ ಹೋದರೆ ತಾಲ್ಲೂಕಿನ ಅಂಚಿನಲ್ಲಿ ತುಂಗಭದ್ರೆ ಸಿಗುತ್ತಾಳೆ. ಅವಳ ದಡದ ಚೌಡದಾನಪುರದಲ್ಲಿ ಮುಕ್ತೇಶ್ವರನ ಗುಡಿಯಿದೆ. ಊರಿನ ಹೆಸರಿನಲ್ಲಿರುವುದು ಅಂಬಿಗರ ಚೌಡಯ್ಯ. ಬಸವಣ್ಣನವರ ಕಾಲದವನು, ದೋಣಿ ನಡೆಸಿ ಬದುಕಿದವನು, ಯಾರ ಮುಲಾಜೂ ಇಲ್ಲದೆ ವಚನ ನುಡಿದವನು. ನದಿಯಲ್ಲಿ ದಾರಿ ತೋರಿಸುವ ಕಸುಬಿನವನೊಬ್ಬನ ಹೆಸರು ಊರಿನ ಹೆಸರಾಗಿ ಉಳಿಯುವುದು ನಮ್ಮಲ್ಲಿ ಅಪರೂಪ.

ಚೌಡಯ್ಯ ಬಾಳಿದ 12ನೆಯ ಶತಮಾನದಲ್ಲಿಯೇ, ಈ ಸೀಮೆಯನ್ನೂ ಒಳಗೊಂಡ ಕಲ್ಯಾಣ ಚಾಲುಕ್ಯರ ರಾಜ್ಯದಲ್ಲಿ, ಗಾಳ ಹಾಕುವ ಕಲೆಯ ಮೇಲೆ ಒಂದು ಅಧ್ಯಾಯವೇ ಹುಟ್ಟಿತು. ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ' ಸುಮಾರು 1129ರ ಗ್ರಂಥ. ರಾಜನಾದವನು ಗೆಲ್ಲುವುದು, ಆಳುವುದು, ಉಣ್ಣುವುದು, ಹಾಡು ಕೇಳುವುದು, ಆನೆ ಕುದುರೆ ನೋಡಿಕೊಳ್ಳುವುದು ಎಲ್ಲವೂ ಅದರ ನೂರು ಅಧ್ಯಾಯಗಳಲ್ಲಿದೆ. ವಿನೋದಗಳ ಭಾಗದಲ್ಲಿ 'ಮತ್ಸ್ಯವಿನೋದ' ಬರುತ್ತದೆ. ಸಮುದ್ರದ ಮತ್ತು ಹೊಳೆಯ ಸುಮಾರು 35 ಬಗೆಯ ಮೀನುಗಳು, ಹುರುಪೆ ಇರುವವು, ಇಲ್ಲದವು, ಯಾವ ಮೀನು ಎಲ್ಲಿರುತ್ತದೆ, ಯಾವುದಕ್ಕೆ ಯಾವ ಮೇವು, ಕೋಲು ಹೇಗಿರಬೇಕು, ದಾರ ಹೇಗಿರಬೇಕು ಎಂದು ಸೋಮೇಶ್ವರ ವಿವರಿಸುತ್ತಾನೆ. ಮೊದಲು ಮೇವು ಹಾಕಿ ಮೀನನ್ನು ಒಂದು ಜಾಗಕ್ಕೆ ರೂಢಿ ಮಾಡಿಸಬೇಕು, ಗಾಳ ಆಮೇಲಿನದು. ಭಾರತೀಯ ಪ್ರಾಣಿಸಮೀಕ್ಷೆಯ ನಿರ್ದೇಶಕರಾಗಿದ್ದ ಸುಂದರಲಾಲ್ ಹೋರಾ 1951ರಲ್ಲಿ ಈ ಅಧ್ಯಾಯವನ್ನು ಕುರಿತು ಬರೆದಾಗ ಮೀನುಶಾಸ್ತ್ರಜ್ಞರ ಗಮನ ಅದರತ್ತ ತಿರುಗಿತು.

ಆ ಪುಟಗಳಲ್ಲಿ ಒಬ್ಬ ಮನುಷ್ಯ ಕಾಣಿಸುವುದಿಲ್ಲ. ದಿನ ಬೆಳಗಾದರೆ ದಡಕ್ಕೆ ಹೋಗಿ ಮೇವಿನ ಉಂಡೆ ಹಾಕುವವನು ಸೋಮೇಶ್ವರನಂತೂ ಆಗಿರಲಾರ. ಮಡುವಿನ ಆಳ ತಿಳಿದವನು, ಮೀನು ಏಳುವ ಹೊತ್ತು ಬಲ್ಲವನು, ದೊರೆಯ ಕೈಗೆ ಕೋಲು ಕೊಟ್ಟು ಹಿಂದೆ ಸರಿದು ನಿಂತವನು ಯಾರೋ ಒಬ್ಬ ಬೆಸ್ತನೋ ಅಂಬಿಗನೋ ಇದ್ದಿರಲೇಬೇಕು. ಕರ್ನಾಟಕದ ಹೊಳೆಗಳಲ್ಲಿ ಗಾಳದ ಬೇಟೆಯ ಚರಿತ್ರೆ ಮುಂದೆ ಎಂಟು ನೂರು ವರ್ಷವೂ ಹೀಗೇ ಸಾಗಿತು. ಮೀನಿನ ತೂಕ ಬರೆದಿಟ್ಟರು, ಕೋಲು ಹಿಡಿದವನ ಹೆಸರು ಬರೆದಿಟ್ಟರು. ಮೀನಿದ್ದ ಜಾಗ ತೋರಿಸಿದವನ ಹೆಸರು ಮಾತ್ರ ಬರೆಯಲಿಲ್ಲ.

ಇಂಗ್ಲಿಷರ ಕಾಲದಲ್ಲಿ ಈ ಚರಿತ್ರೆಯ ಎರಡನೆಯ ದೊಡ್ಡ ಪುಸ್ತಕ ಬಂದದ್ದೂ ಕನ್ನಡ ನಾಡಿನಿಂದಲೇ. ಹೆನ್ರಿ ಸಲಿವನ್ ಥಾಮಸ್ ಮದರಾಸು ಸರ್ಕಾರದ ಸಿವಿಲ್ ಅಧಿಕಾರಿ, ದಕ್ಷಿಣ ಕನ್ನಡದ ಕಲೆಕ್ಟರ್. ಅವನ 'ದ ರಾಡ್ ಇನ್ ಇಂಡಿಯಾ' 1873ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಊರಿನಲ್ಲಿ ಸಾಮನ್ ಹಿಡಿದು ಪಳಗಿದ ಇಂಗ್ಲಿಷರಿಗೆ ಇಲ್ಲಿಯ ಹೊಳೆಗಳಲ್ಲಿ ಅದಕ್ಕೆ ಸಮನಾದದ್ದು ಏನಿದೆ ಎಂಬ ಪ್ರಶ್ನೆಯಿತ್ತು. ಮಹಸೀರ್ ಇದೆ, ಅಷ್ಟೇ ತೂಕದ ಸಾಮನ್‌ಗಿಂತ ಇದೇ ಹೆಚ್ಚು ಸೆಣಸುತ್ತದೆ ಎಂಬುದು ಥಾಮಸನ ವಾದ. ಎರಡೂ ಹೊಳೆಯನ್ನು ಎದುರೇರಿ ಹೋಗಿ ಮರಿ ಮಾಡುವ ಮೀನುಗಳು. ಸಾಮನ್ ಸಮುದ್ರದಲ್ಲಿ ಬೆಳೆದು ಹುಟ್ಟಿದ ಹೊಳೆಗೆ ಮರಳುತ್ತದೆ. ಮಹಸೀರ್ ಸಿಹಿನೀರು ಬಿಟ್ಟು ಹೋಗುವುದೇ ಇಲ್ಲ, ಮಳೆಗಾಲದ ನೆರೆಯಲ್ಲಿ ಮೇಲಕ್ಕೆ ಹತ್ತುತ್ತದೆ. ದವಡೆಯಲ್ಲಿ ಹಲ್ಲಿಲ್ಲದಿದ್ದರೂ ಗಂಟಲಿನ ಹಲ್ಲುಗಳಿಂದ ಏಡಿಯನ್ನೂ ಕಬ್ಬಿಣದ ಗಾಳವನ್ನೂ ಜಜ್ಜಿಬಿಡುವ ಶಕ್ತಿ ಅದಕ್ಕಿದೆ.

ಥಾಮಸ್ ಬೇಟೆಗಾರನಷ್ಟೇ ಆಗಿದ್ದರೆ ಅವನನ್ನು ನೆನೆಯುವ ಅಗತ್ಯವಿರಲಿಲ್ಲ. ಪುಸ್ತಕಕ್ಕೂ ಮೊದಲು, 1870ರಲ್ಲಿ, ದಕ್ಷಿಣ ಕನ್ನಡದ ಮೀನು ಸಾಕಣೆಯ ಮೇಲೆ ವರದಿ ಬರೆದವನು ಅವನು. ಹೊಳೆಗೆ ವಿಷ ಕದಡುವುದು, ಮರಿಗಳನ್ನೂ ಬಿಡದ ಸಣ್ಣ ಕಣ್ಣಿನ ಬಲೆ ಇವುಗಳ ವಿರುದ್ಧ ಅವನೂ ಅವನ ಸಮಕಾಲೀನ ಫ್ರಾನ್ಸಿಸ್ ಡೇಯೂ ಎತ್ತಿದ ದನಿ ಕೊನೆಗೆ 1897ರ ಭಾರತೀಯ ಮೀನುಗಾರಿಕೆ ಕಾಯ್ದೆಗೆ ದಾರಿ ಮಾಡಿತು. ಸಿಡಿಮದ್ದು, ವಿಷ ಎರಡನ್ನೂ ಆ ಕಾಯ್ದೆ ನಿಷೇಧಿಸಿತು. ಕಾಯ್ದೆ ಬಂದು ನೂರು ವರ್ಷದ ಮೇಲೂ ಹೊಳೆಗೆ ಮದ್ದು ಬೀಳುವುದು ನಿಲ್ಲಲಿಲ್ಲ ಎಂಬುದು ಬೇರೆ ಮಾತು.

ದೊಡ್ಡ ಮೀನುಗಳ ಸುದ್ದಿ ಬಂದದ್ದು ಮೈಸೂರು ಕಡೆಯಿಂದ. 1919ರ ಡಿಸೆಂಬರಿನಲ್ಲಿ ಮೇಜರ್ ರಿವೆಟ್-ಕಾರ್ನಾಕ್ ಕಾವೇರಿಯಲ್ಲಿ 119 ಪೌಂಡಿನ ಮಹಸೀರ್ ಹಿಡಿದ. 1921ರಲ್ಲಿ ಮರ್ರೆ-ಐನ್ಸ್ಲಿಗೆ ಸಿಕ್ಕಿದ್ದು 104 ಪೌಂಡಿನದು. 1946ರಲ್ಲಿ ಕಬಿನಿಯಲ್ಲಿ ಡಿ ವೆಟ್ ವ್ಯಾನ್ ಇಂಗೆನ್ ಹಿಡಿದದ್ದು 120 ಪೌಂಡು, ಅಂದರೆ 54 ಕಿಲೋಗೂ ಮಿಗಿಲು. ದಾಖಲೆಯಲ್ಲಿ ಅದನ್ನು ಮೀರಿದ ಮಹಸೀರ್ ಇಲ್ಲ. ವ್ಯಾನ್ ಇಂಗೆನ್‌ರದು ಮಹಾರಾಜರು ಬೇಟೆಯಾಡಿದ ಹುಲಿ ಚಿರತೆಗಳ ಚರ್ಮ ಹದಮಾಡಿ ಜೀವಂತದಂತೆ ನಿಲ್ಲಿಸುತ್ತಿದ್ದ ಮೈಸೂರಿನ ಮನೆತನ. ಅಲಾಸ್ಕದ ಕೀನೈ ನದಿಯಲ್ಲಿ 1985ರಲ್ಲಿ ಗಾಳಕ್ಕೆ ಬಿದ್ದ ಜಗತ್ತಿನ ಅತಿ ದೊಡ್ಡ ಸಾಮನ್ 97 ಪೌಂಡು ಚಿಲ್ಲರೆ. ಕಬಿನಿಯ ಮೀನು ಅದಕ್ಕಿಂತ 20 ಪೌಂಡಿಗೂ ಹೆಚ್ಚು ತೂಗುತ್ತಿತ್ತು.

ಇವತ್ತು ಅಲಾಸ್ಕ, ಬ್ರಿಟಿಷ್ ಕೊಲಂಬಿಯ ಕಡೆಗಳಲ್ಲಿ ಪ್ರವಾಸಿಗಳನ್ನು ದೋಣಿಯಲ್ಲಿ ಕರೆದೊಯ್ದು ಹೊಳೆಯಲ್ಲಿ ಸಾಮನ್, ಸಮುದ್ರದಲ್ಲಿ ಹಾಲಿಬಟ್ ಹಿಡಿಸುವುದು ಪರವಾನಗಿ ಪಡೆದ ಮಾರ್ಗದರ್ಶಿಗಳ ದೊಡ್ಡ ಕಸುಬು. ಹಾಲಿಬಟ್ ತಣ್ಣೀರಿನ ಕಡಲಿನ ಚಪ್ಪಟೆ ಮೀನು, ನಮ್ಮ ಕರಾವಳಿಯ ನಂಗ್‌ನ ದೈತ್ಯ ದಾಯಾದಿ. ಸ್ಕಾಟ್ಲೆಂಡಿನಲ್ಲಂತೂ ಸಾಮನ್ ಹಿಡಿಯಲು ಬಂದ ದೊರೆಯ ಜೊತೆ ಹೊಳೆ ಬಲ್ಲ ಊರಿನವನೊಬ್ಬ ನಿಲ್ಲುವುದು ಹಳೆಯ ವಾಡಿಕೆ. ಗಿಲ್ಲಿ ಎಂಬ ಅವನ ಹೆಸರು ಮುಂದೆ ಕಾವೇರಿ ದಡದಲ್ಲಿ ಎದ್ದ ಗಾಳದ ಕ್ಯಾಂಪುಗಳಿಗೂ ಬಂತು. ಹೆಸರು ಅಲ್ಲಿಯದಾದರೂ ಕೆಲಸ ಅಪ್ಪಟ ಇಲ್ಲಿಯದು.

ಸ್ವಾತಂತ್ರ್ಯ ಬಂದ ಮೇಲೆ ಕೆಲವು ಕಾಲ ಈ ಬೇಟೆಯ ಸುದ್ದಿಯೇ ಇಲ್ಲವಾಯಿತು. ಹೊಳೆಯೂ ಮೊದಲಿನಂತೆ ಉಳಿದಿರಲಿಲ್ಲ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಹರಿಯಿತು, 1930ರ ದಶಕದ ಹೊತ್ತಿಗೆ ಮೇಲೆ ಕನ್ನಂಬಾಡಿ, ಕೆಳಗೆ ಮೆಟ್ಟೂರು ಎದ್ದು ನಿಂತವು, 1970ರ ದಶಕದಲ್ಲಿ ಕಬಿನಿಗೂ ಅಣೆಕಟ್ಟು ಬಂತು. ಏರಿ ಹೋಗುವ ಮೀನಿಗೆ ಉಳಿದದ್ದು ತುಂಡು ತುಂಡು ಹೊಳೆ. ಅದರಲ್ಲಿ ಶಿವನಸಮುದ್ರದ ಕೆಳಗೆ ಭೀಮೇಶ್ವರಿ, ಮುತ್ತತ್ತಿ, ಗಾಳಿಬೋರೆ, ಸಂಗಮದ ದಾರಿಯಾಗಿ ಮೇಕೆದಾಟಿನ ಇಕ್ಕಟ್ಟಿಗೆ ನುಗ್ಗುವ ಕಾಡಿನ ಕಾವೇರಿ ಮಾತ್ರ ಬಂಡೆ, ಸುಳಿ, ಮಡು ಸಮೇತ ಹಳೆಯ ರೂಪ ಉಳಿಸಿಕೊಂಡಿತ್ತು.

1972ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತ ವನ್ಯಜೀವಿ ಸಂಘ ಹುಟ್ಟಿತು. ಬಲ್ಲವರ ಬಾಯಲ್ಲಿ ಅದು 'ವಾಸಿ'. ಕಾವೇರಿಯ ಕೆಲವು ಭಾಗಗಳನ್ನು ಮೀನುಗಾರಿಕೆ ಇಲಾಖೆಯಿಂದ ಗುತ್ತಿಗೆ ಪಡೆದು ಕಾಯುವ ಕೆಲಸಕ್ಕೆ ಅದು ಕೈಹಾಕಿತು. ಕೊಡಗಿನಲ್ಲಿ ಕೊಡಗು ವನ್ಯಜೀವಿ ಸಂಘ ವಾಲ್ನೂರಿನ ಸುತ್ತಿನ ಹೊಳೆಯನ್ನು ಕಾಯತೊಡಗಿತು. 1977ರಲ್ಲಿ ಮೂವರು ಇಂಗ್ಲಿಷ್ ತರುಣರು ಮಹಸೀರ್ ಹುಡುಕಿಕೊಂಡು ಭಾರತಕ್ಕೆ ಬಂದು ಕಾವೇರಿ ಮುಟ್ಟಿದರು. ಕಾವೇರಿಯ ದೈತ್ಯ ಮೀನು ಮುಗಿದುಹೋಯಿತು ಎಂದು ಹೊರಗಿನವರು ನಂಬಿದ್ದ ಕಾಲ ಅದು. ದೊಡ್ಡ ಮೀನುಗಳು ಇನ್ನೂ ಇವೆ ಎಂದು ಅವರು ತೋರಿಸಿದ ಮೇಲೆ ಚಳಿಗಾಲ ಬಂತೆಂದರೆ ಇಂಗ್ಲೆಂಡಿನಿಂದ ಗಾಳದವರು ಬರತೊಡಗಿದರು. ಮುಂದೆ ಟಿವಿಯಲ್ಲಿ ಹೆಸರಾದ ಜೆರೆಮಿ ವೇಡ್ ಕೂಡ 1980ರ ದಶಕದಲ್ಲಿ ಹೀಗೆ ಬಂದವನು. ಕರ್ನಾಟಕ ಸರ್ಕಾರ 1980ರಲ್ಲಿ ಕಟ್ಟಿದ ಜಂಗಲ್ ಲಾಡ್ಜಸ್ ಸಂಸ್ಥೆ ಮಳವಳ್ಳಿ ತಾಲ್ಲೂಕಿನ ಭೀಮೇಶ್ವರಿ, ದೊಡ್ಡಮಾಕಳಿಗಳಲ್ಲಿ, ಕನಕಪುರ ತಾಲ್ಲೂಕಿನ ಗಾಳಿಬೋರೆಯಲ್ಲಿ ಕ್ಯಾಂಪುಗಳನ್ನು ನಡೆಸಿತು.

ಈ ಕ್ಯಾಂಪುಗಳ ನಿಜವಾದ ಬಂಡವಾಳ ಸುತ್ತಲಿನ ಹಳ್ಳಿಗಳ ಗಂಡಸರು. ಅವರಲ್ಲಿ ಎಷ್ಟೋ ಮಂದಿ ಹಿಂದೆ ರಾತ್ರಿ ಹೊತ್ತು ಬಲೆ ಬಿಟ್ಟವರು, ಮಡುವಿಗೆ ತೋಟೆ ಎಸೆದವರು. ಕಲ್ಲು ಒಡೆಯುವ ಮದ್ದು ಹೊಳೆಗೆ ಬಿದ್ದರೆ ಒಂದೇ ಏಟಿಗೆ ಮಡುವಿನ ಮೀನೆಲ್ಲ ಹೊಟ್ಟೆ ಮೇಲಾಗಿ ತೇಲುತ್ತದೆ. ಸಿಕ್ಕಷ್ಟು ಬಾಚಿಕೊಂಡು, ಮಿಕ್ಕದ್ದು ಕೊಳೆಯಲು ಬಿಟ್ಟು ಹೋಗುವ ಕೆಲಸ ಅದು. ವಾಸಿ, ಜಂಗಲ್ ಲಾಡ್ಜಸ್ ಎರಡೂ ಇಂಥವರನ್ನೇ ಕರೆದು ಸಂಬಳ ಕೊಟ್ಟು ಕಾವಲಿಗೂ ಮಾರ್ಗದರ್ಶನಕ್ಕೂ ನಿಲ್ಲಿಸಿದವು. ಮೀನು ಎಲ್ಲಿ ಅಡಗುತ್ತದೆ, ಕಳ್ಳ ಯಾವ ದಾರಿಯಲ್ಲಿ ಬರುತ್ತಾನೆ, ಎರಡೂ ಅವರಿಗೆ ಗೊತ್ತಿತ್ತು.

ಮಳೆ ನಿಂತು ನೀರು ತಿಳಿಯಾದ ಮೇಲೆ ಅವರ ದಿನಗಳು ಶುರುವಾಗುತ್ತಿದ್ದವು. ಗಾಳಕ್ಕೆ ಮೇವು ರಾಗಿ. ಹಿಟ್ಟನ್ನು ಗಟ್ಟಿಯಾಗಿ ಬೇಯಿಸಿ ನಾದಿ, ನೀರಿನ ಸೆಳೆತಕ್ಕೆ ಕರಗದಂತೆ ಉಂಡೆ ಕಟ್ಟಿ ಗಾಳ ಮುಚ್ಚುವಂತೆ ಮೆತ್ತುತ್ತಿದ್ದರು. ಏಡಿ, ಸಣ್ಣ ಮೀನುಗಳೂ ಬಳಕೆಯಲ್ಲಿದ್ದವು. ಕೋಲು, ಸುರುಳಿ, ನೈಲಾನ್ ದಾರ ಎಲ್ಲವೂ ವಿಲಾಯತಿಯಿಂದ ಬಂದವು. ಅದರ ತುದಿಗೆ ಮಂಡ್ಯದ ರಾಗಿ. ಹರಿಗೋಲಿನಲ್ಲಿ ಅತಿಥಿಯನ್ನು ಕೂರಿಸಿ ಹೊಳೆ ನಡುವಿನ ಬಂಡೆಗೆ ಒಯ್ದು, ಆ ಕಲ್ಲಿನ ಪಕ್ಕದ ಸುಳಿಯ ಬಾಯಿಗೆ ಬೀಳಬೇಕು ಎಂದು ಗುರಿ ತೋರಿಸುತ್ತಿದ್ದರು. ಮುಂದೆ ಗಂಟೆಗಟ್ಟಲೆ ಕಾಯುವುದು.

ಮೀನು ಕಚ್ಚಿ ಓಡತೊಡಗಿದರೆ ಕೆಲಸ ಪೂರಾ ಹರಿಗೋಲಿನವನದು. ಮಹಸೀರ್‌ನ ಮೊದಲ ಓಟಕ್ಕೆ ನೂರಾರು ಗಜ ದಾರ ಬಿಚ್ಚಿಹೋಗುತ್ತದೆ. ಕಲ್ಲಿನ ಸಂದಿಗೆ ನುಗ್ಗಿ ದಾರ ಸಿಕ್ಕಿಸುವುದು ಅದರ ಹಳೆಯ ಉಪಾಯ. ಆಗ ಮಾರ್ಗದರ್ಶಿ ಹರಿಗೋಲು ತಿರುಗಿಸಿಕೊಂಡು ಹೋಗಿ, ಬೇಕಾದರೆ ಮೊಸಳೆಯಿರುವ ನೀರಿಗೇ ಇಳಿದು ದಾರ ಬಿಡಿಸಬೇಕು. ಮೀನು ದಣಿದು ದಡಕ್ಕೆ ಬಂದರೆ ಉದ್ದ, ಸುತ್ತಳತೆ ಅಳೆದು ತೂಕ ಲೆಕ್ಕ ಹಾಕಿ, ಫೋಟೋ ತೆಗೆಸಿ, ಅದಕ್ಕೆ ಉಸಿರು ಮರಳುವ ತನಕ ಹರಿಯುವ ನೀರಿಗೆ ಎದುರಾಗಿ ಹಿಡಿದು ಬಿಟ್ಟುಬಿಡುವುದು ಕ್ಯಾಂಪಿನ ಕಟ್ಟುನಿಟ್ಟು. ಹಿಂದೆ ಮೀನು ಕೊಂದು ಬದುಕಿದ ಕೈಗಳೇ ಅದನ್ನು ಸೊಂಟ ಮಟ್ಟದ ನೀರಿನಲ್ಲಿ ಆತುಕೊಂಡು ನಿಂತ ಚಿತ್ರಗಳು ಗಾಳದ ಲೋಕದಲ್ಲೆಲ್ಲ ಹರಡಿದವು.

ಆಮೇಲೆ ಕ್ಯಾಂಪಿನ ಪುಸ್ತಕದಲ್ಲಿ ಬರೆಯುವುದು: ಯಾವ ದಿನ, ಎಷ್ಟು ಹೊತ್ತು, ಎಷ್ಟು ಮೀನು, ಎಷ್ಟು ತೂಕ, ಯಾವ ಬಣ್ಣ. ಗಾಳಿಬೋರೆ ಕ್ಯಾಂಪಿನ 1998ರಿಂದ 2012ರವರೆಗಿನ ಈ ದಾಖಲೆಯನ್ನು ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮುಂತಾದ ಮೀನುವಿಜ್ಞಾನಿಗಳು ಲೆಕ್ಕಕ್ಕೆ ತೆಗೆದುಕೊಂಡರು. 23,620 ಗಂಟೆಗಳ ಗಾಳದಲ್ಲಿ 6,161 ಮಹಸೀರ್. ಒಂದು ಪೌಂಡಿನದರಿಂದ 104 ಪೌಂಡಿನದರವರೆಗೆ. ಕಾವೇರಿಯಲ್ಲಿ ಏನಾಗುತ್ತಿದೆ ಎಂದು ಇಷ್ಟು ದೀರ್ಘವಾಗಿ ಹೇಳಬಲ್ಲ ಇಂಥ ದಾಖಲೆ ಸಿಗುವುದು ಅಪರೂಪ.

ಆ ಲೆಕ್ಕ ಹೇಳಿದ ಸಂಗತಿ ನೋವಿನದು. ಒಟ್ಟು ಮೀನಿನ ಸಂಖ್ಯೆ ಏರುತ್ತಿತ್ತು, ಕಾವಲು ಫಲ ಕೊಟ್ಟಿತ್ತು. ಆದರೆ ಬಹುಪಾಲು ಮೀನು ನೀಲಿ ರೆಕ್ಕೆಯ ಮಹಸೀರ್. ಮಹಾರಾಷ್ಟ್ರದ ಲೋಣಾವಳದಲ್ಲಿ ಟಾಟಾ ವಿದ್ಯುತ್ ಕಂಪನಿ 1970ರ ದಶಕದಿಂದ ಮರಿ ಮಾಡಿಸುತ್ತಿದ್ದ ಜಾತಿ ಅದು. ಮಹಸೀರ್ ಉಳಿಸಬೇಕೆಂಬ ಒಳ್ಳೆಯ ಉದ್ದೇಶದಿಂದಲೇ ಅದರ ಮರಿಗಳನ್ನು ತಂದು ಕಾವೇರಿಗೆ ಬಿಟ್ಟಿದ್ದರು. ಕಾವೇರಿಯ ಸ್ವಂತ ಮೀನು, ಬೆನ್ನು ಗೂನಾದ, ಕಿತ್ತಳೆ ರೆಕ್ಕೆಯ ದೈತ್ಯ, ದಡದವರು ಬಿಳಿಮೀನು ಎನ್ನುವುದು, ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿತ್ತು. ಸಿಕ್ಕವು ದೊಡ್ಡವೇ, ಅಂದರೆ ಮುದಿ ಮೀನುಗಳು. ಮರಿಗಳು ಬರುತ್ತಿರಲಿಲ್ಲ.

ಗಾಳದವರು ನೂರು ವರ್ಷದಿಂದ ಫೋಟೋ ತೆಗೆದಿಟ್ಟ ಈ ಮೀನಿಗೆ ಅಲ್ಲಿಯತನಕ ಖಚಿತವಾದ ಶಾಸ್ತ್ರೀಯ ಹೆಸರೂ ಇರಲಿಲ್ಲ. ಕೇರಳದ ಪಾಂಬಾರ್ ಹೊಳೆಯ ಮೀನುಗಳನ್ನು ನೋಡಿ 2007ರಲ್ಲಿ ವಿವರಿಸಿದ್ದ 'ಟಾರ್ ರೆಮಾದೇವಿ'ಯೇ ಕಾವೇರಿಯ ಗೂನುಬೆನ್ನಿನ ಮಹಸೀರ್ ಎಂದು 2018ರಲ್ಲಿ ಸಂಶೋಧಕರು ತೀರ್ಮಾನಿಸಿದರು. ಅದೇ ವರ್ಷ ಅದು ಜಾಗತಿಕ ಕೆಂಪು ಪಟ್ಟಿಯಲ್ಲಿ ಅಳಿವಿನ ತೀರ ಅಂಚಿನಲ್ಲಿರುವ ಜೀವಿಗಳ ಸಾಲಿಗೆ ಸೇರಿತು. ಹೆಸರೂ ಮರಣದ ಎಚ್ಚರಿಕೆಯೂ ಒಟ್ಟಿಗೇ ಬಂದವು.

ಅಷ್ಟರಲ್ಲಿ ಕ್ಯಾಂಪುಗಳ ಕಾಲ ಮುಗಿದಿತ್ತು. ಈ ಹೊಳೆಯ ಎರಡೂ ದಡ 1987ರಲ್ಲಿ ಕಾವೇರಿ ವನ್ಯಜೀವಿ ಧಾಮಕ್ಕೆ ಸೇರಿದ್ದವು. ಧಾಮದೊಳಗೆ ಗಾಳ ಹಾಕುವುದೂ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಬೇಟೆಯೇ, ಹಿಡಿದು ಬಿಟ್ಟರೂ ಅಷ್ಟೇ ಎಂಬ ವಾದ ಬಲವಾಗಿ, 2012ರ ಹೊತ್ತಿಗೆ ಗಾಳ ನಿಂತಿತು. ಭೀಮೇಶ್ವರಿಯಲ್ಲಿ ಈಗ ನಡೆಯುವುದು ಸಾಹಸ ಕ್ರೀಡೆಗಳ ಕ್ಯಾಂಪು. ಕಾನೂನಿನ ತರ್ಕದಲ್ಲಿ ತಪ್ಪಿಲ್ಲ. ಗಾಳ ಚುಚ್ಚಿಸಿಕೊಂಡು ದಣಿಯುವ ಮೀನಿಗೆ ಅದು ಆಟವಲ್ಲ ಎಂಬ ಮಾತಿಗೂ ತೂಕವಿದೆ. ಆದರೆ ಗಾಳದ ಜೊತೆಗೆ ದಿನವೂ ಹೊಳೆಯ ಮೇಲಿದ್ದ ಹರಿಗೋಲುಗಳೂ ಹೋದವು, ಪುಸ್ತಕದಲ್ಲಿ ಬರೆಯುವುದೂ ನಿಂತಿತು. ಕಳ್ಳಬೇಟೆ, ಮದ್ದು ಮರಳುತ್ತಿದೆ ಎಂದು ಸಂಶೋಧಕರು ಆತಂಕಪಟ್ಟರು. ಗಾಳವನ್ನು ನಿಲ್ಲಿಸಿ ಹರಿಗೋಲಿನವರನ್ನು ಎಣಿಕೆಗೆ, ಕಾವಲಿಗೆ ಉಳಿಸಿಕೊಳ್ಳುವ ದಾರಿಯೊಂದು ಇತ್ತು. ಅದನ್ನು ಹಿಡಿಯಬೇಕಿತ್ತು.

ಗಾಳವೇ ಇಲ್ಲದೆ ಮಹಸೀರ್ ಉಳಿದ ಜಾಗಗಳೂ ನಮ್ಮಲ್ಲಿವೆ. ತುಂಗೆಯ ಮೇಲ್ದಂಡೆಯಲ್ಲಿ, ಶೃಂಗೇರಿಯ ಮಠದ ಎದುರಿನ ಮೆಟ್ಟಿಲುಗಳ ಬಳಿ ಅವು ದೇವರ ಮೀನುಗಳಾಗಿ ಭಕ್ತರು ಎಸೆಯುವ ಪುರಿಗೆ ಮುಗಿಬೀಳುತ್ತವೆ. ತೀರ್ಥಹಳ್ಳಿ ಬಳಿಯ ಚಿಪ್ಪಲಗುಡ್ಡೆಯಲ್ಲೂ ಹಾಗೆಯೇ. ಬೆಳ್ತಂಗಡಿ ತಾಲ್ಲೂಕಿನ ಶಿಶಿಲದ ಕಪಿಲಾ ನದಿಯಲ್ಲಿ 1996ರಲ್ಲಿ ಯಾರೋ ವಿಷ ಹಾಕಿ ಸಾವಿರಾರು ಮೀನು ಸತ್ತಾಗ ಊರವರು ಅವುಗಳಿಗೆ ಸ್ಮಾರಕ ಕಟ್ಟಿದರು. ಕಾಯ್ದೆ ಮಾಡಲಾರದ್ದನ್ನು ಭಕ್ತಿ ಮಾಡುತ್ತದೆ, ಆದರೆ ಮಠದ ಮೆಟ್ಟಿಲಿನಷ್ಟು ದೂರ ಮಾತ್ರ. ಅದೇ ತುಂಗೆ ಕೂಡಲಿಯಲ್ಲಿ ಭದ್ರೆಯೊಡನೆ ಸೇರಿ, ಹರಿಹರ ದಾಟಿ ರಾಣೆಬೆನ್ನೂರು ತಾಲ್ಲೂಕಿಗೆ ಬರುವಾಗ ಅವಳ ಮೀನಿಗೆ ಆ ರಕ್ಷಣೆ ಇಲ್ಲ. 1980ರ ದಶಕದಲ್ಲಿ ಕಾರ್ಖಾನೆಯ ಕೊಳೆನೀರಿಗೆ ತುಂಗಭದ್ರೆಯ ಮೀನು ರಾಶಿ ರಾಶಿ ಸತ್ತು ತೇಲಿದಾಗ ದಡದ ಹಳ್ಳಿಗಳ ಜನ ಎದ್ದು ನಿಂತರು. ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ಆ ಹೋರಾಟವನ್ನು ಕೋರ್ಟಿನ ತನಕ ಒಯ್ದಿತು. ನೀರು ಕೆಟ್ಟದ್ದು ಮೊದಲು ಗೊತ್ತಾದದ್ದು ಅದರಲ್ಲೇ ಬಲೆ ಬಿಡುವ ಮೀನುಗಾರರಿಗೆ.

ಕಾವೇರಿಯ ಬಿಳಿಮೀನಿನ ಮುಂದಿನ ದಾರಿ ಈಗ ಎರಡು ಕಡೆ ತೂಗುತ್ತಿದೆ. ಮೇಕೆದಾಟಿನಲ್ಲಿ 67.16 ಟಿಎಂಸಿ ನೀರು ನಿಲ್ಲಿಸುವ ಅಣೆಕಟ್ಟಿನ ಯೋಜನೆ ಕರ್ನಾಟಕ, ತಮಿಳುನಾಡುಗಳ ನಡುವೆ ವಾದದಲ್ಲಿದೆ. ಅದು ಎದ್ದರೆ ಸಂಗಮವೂ ಧಾಮದ ಕಾಡಿನ ಒಂದು ಭಾಗವೂ ನಿಂತ ನೀರಿನಡಿ ಹೋಗುತ್ತವೆ. ಇನ್ನೊಂದು ಕಡೆ, ಬಂಡೀಪುರ, ಮುದುಮಲೆ ಕಾಡುಗಳ ಗಡಿಯಲ್ಲಿ ಹರಿದು ಭವಾನಿ ಸೇರುವ ಮೋಯಾರ್ ಹೊಳೆಯಲ್ಲಿ ಗೂನುಬೆನ್ನಿನ ಮಹಸೀರ್‌ನ ಕಾಡು ಸಂತತಿ ಇನ್ನೂ ಉಳಿದಿರುವುದನ್ನು ಸಂಶೋಧಕರು ಕಂಡಿದ್ದಾರೆ. ಮುಂದೆ ಮರಿ ಮಾಡಿಸಲು ತಾಯಿ ಮೀನು ಬೇಕೆಂದರೆ ಅಂಥ ಹೊಳೆಯಿಂದಲೇ ತರಬೇಕು. ಅದನ್ನು ಗಾಯವಾಗದಂತೆ ಹಿಡಿದು, ಹರಿಯುವ ನೀರಿನಲ್ಲೇ ಜೀವಂತ ಇಟ್ಟುಕೊಳ್ಳುವ ಕೆಲಸದಲ್ಲಿ ಪಳಗಿದವರು ಭೀಮೇಶ್ವರಿ, ಗಾಳಿಬೋರೆ ಕ್ಯಾಂಪುಗಳಲ್ಲಿ ದುಡಿದವರು. ಅರಣ್ಯ ಇಲಾಖೆಯಾಗಲಿ ಮೀನುಗಾರಿಕೆ ಇಲಾಖೆಯಾಗಲಿ ಅವರನ್ನು ಕರೆಯುವುದಾದರೆ, ಅವರ ಮೈಯಲ್ಲಿ ಹರಿಗೋಲು ನಡೆಸುವ ಕಸುವು ಇರುವಾಗಲೇ ಕರೆಯಬೇಕು.